ಅವ್ವನ ಕಪ್ಪು ಐದಕ್ಕೆ ನನ್ನ ಗಿಟಾರ್: ಮನೆಯಲ್ಲೇ ಕಲಿತ ಮೂರು ವರ್ಷದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ವೇದಿಕೆ ಹತ್ತುವ ಆಸೆಯಿಂದ ನಾನು ಗಿಟಾರ್ ಹಿಡಿದವಳಲ್ಲ. ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಅವ್ವ ಸಂಜೆ ಪೇಟಿ (ಹಾರ್ಮೋನಿಯಂ) ಮುಂದಿಟ್ಟುಕೊಂಡು ದಾಸರ ಪದ, ವಚನ, ಒಂದೆರಡು ಭಾವಗೀತೆ ಹಾಡುತ್ತಿದ್ದಳು. ಬೆರಳ ಗಂಟು ನೋಯಲು ಶುರುವಾದ ಮೇಲೆ ಪೇಟಿ ಮೂಲೆ ಸೇರಿತು. ಅಣ್ಣನ ಮಗ ಬಿಟ್ಟುಹೋದ ಒಂದು ಹಳೇ ಗಿಟಾರ್ ಅಟ್ಟದ ಮೇಲಿತ್ತು. 'ಅದನ್ನರ ಬಾರಿಸವಾ, ಬರೀ ಬಾಯಿಲೆ ಹಾಡಾಕ ಬ್ಯಾಸರ' ಅಂದಳು. ನನಗೆ ಆಗ 41.

ಕ್ಲಾಸಿಗೆ ಹೋಗಲು ಹೊತ್ತಿರಲಿಲ್ಲ. ಕೆಲಸ ಹುಬ್ಬಳ್ಳಿ ವಿದ್ಯಾನಗರದಲ್ಲಿ, ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುವುದು. ಹಾಗಾಗಿ ಮನೆಯಲ್ಲೇ, ನಾನೇ. ಪಕ್ಕದ ಓಣಿಯಲ್ಲಿ ಸಿತಾರ್ ಕಲಿಸುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಹೇಳಿದರೆ 'ಪುಸ್ತಕಾ ನೋಡಿ ಸಂಗೀತ ಬರ್ತದೇನ್ರೀ?' ಅಂತ ನಕ್ಕರು. ಧಾರವಾಡದಲ್ಲಿ ಈ ಮಾತು ಕೇಳಿಸಿಕೊಳ್ಳಲೇಬೇಕು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅಂಥ ಹಿಂದೂಸ್ತಾನಿ ಗಾಯಕರು ಓಡಾಡಿದ ಊರು. ಹುಬ್ಬಳ್ಳಿಗೆ ಹೋದರೆ ಗಂಗೂಬಾಯಿ ಹಾನಗಲ್ಲರ ಊರು. ಗುರು ಇಲ್ಲದ ವಿದ್ಯೆ ಅಂದರೆ ಇಲ್ಲಿ ಕಳ್ಳಮಾಲು ಇದ್ದ ಹಾಗೆ.

ಮೊದಲ ಆರು ತಿಂಗಳು ಅವರು ಹೇಳಿದ್ದೇ ನಿಜವಾಯಿತು. ತಪ್ಪು ಗುರು ಇಲ್ಲದ್ದಲ್ಲ, ಗುರುಗಳು ಜಾಸ್ತಿ ಆಗಿದ್ದು. ಒಂದು ಆ್ಯಪ್ ಹಾಕಿಕೊಂಡೆ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ 'ಸಾವಿರ ಕಾರ್ಡ್' ಪಿಡಿಎಫ್ ಇಳಿಸಿಕೊಂಡೆ. ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ಬರುವ ಹಾಗೆ ತಂತಿ ಹಿಡಿಯುವುದು. ರಾತ್ರಿ ಮಲಗುವ ಮುಂಚೆ ಹತ್ತು ಜನರ ಹತ್ತು ವಿಡಿಯೋ. ಒಬ್ಬರು ಮೊದಲು ಸಿ ಕಾರ್ಡ್ ಅನ್ನುತ್ತಾರೆ, ಇನ್ನೊಬ್ಬರು ಇ ಮೈನರ್, ಮತ್ತೊಬ್ಬರು ಕಾರ್ಡೇ ಬೇಡ, ಸ್ಕೇಲ್ (ಸ್ವರಗಳ ಏರಿಳಿತ) ಬಾರಿಸಿ ಅನ್ನುತ್ತಾರೆ. ಎಲ್ಲರೂ ಸರಿಯೇ. ಆದರೆ ಎಲ್ಲರನ್ನೂ ಕೇಳಿದವಳಿಗೆ ಒಂದೂ ಬರಲಿಲ್ಲ.

ಆ ಆ್ಯಪ್ ಬಗ್ಗೆ ಎರಡು ಮಾತು, ಹೆಸರು ಬೇಡ. ಅದು ಫೋನಿನ ಮೈಕಿನಲ್ಲಿ ಕೇಳಿಸಿಕೊಂಡು ಅಂಕ ಕೊಡುತ್ತದೆ. ಆಟದ ಹಾಗೆ ಮಜವಾಗಿಯೇ ಇತ್ತು. ಒಂದು ದಿನ ನಾನು ಕೈ ತೆಗೆದು ಕೂತಾಗ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಸ್ವರ ಸರಿ ಅಂತ ಹಸಿರು ದೀಪ ಹತ್ತಿತು! ಅದು ಹೋಗಲಿ. ನನ್ನ ಎಡಗೈ ಮಣಿಕಟ್ಟು ಪೂರಾ ಒಳಗೆ ಮಡಚಿಕೊಂಡಿತ್ತು. ಸ್ವರ ಸರಿ ಬರುತ್ತಿದ್ದರಿಂದ ಆ್ಯಪ್ ಭೇಷ್ ಅನ್ನುತ್ತಲೇ ಹೋಯಿತು. ಕಿವಿ ಇದೆ, ಕಣ್ಣಿಲ್ಲ. ಮೂರು ವಾರ ಮಣಿಕಟ್ಟಿಗೆ ಬಟ್ಟೆ ಕಟ್ಟಿಕೊಂಡು ಆಫೀಸಿಗೆ ಹೋದೆ. ವರ್ಷದ ಚಂದಾ ಮುಗಿದ ದಿನ ಕೇಳದೇ ಮುಂದಿನ ವರ್ಷದ ದುಡ್ಡೂ ಹೋಯಿತು. ಯಾವ ಆ್ಯಪ್ ಹಾಕಿಕೊಂಡರೂ ಮೊದಲ ದಿನವೇ ಫೋನಿನ ಸೆಟ್ಟಿಂಗ್‌ಗೆ ಹೋಗಿ ಆಟೋ ರಿನ್ಯೂವಲ್ ತೆಗೆದುಬಿಡಿ.

ಆಮೇಲೆ ಎಲ್ಲವನ್ನೂ ಬಿಟ್ಟು ಎರಡೇ ಇಟ್ಟುಕೊಂಡೆ. ಜಸ್ಟಿನ್ ಗಿಟಾರ್ ವೆಬ್‌ಸೈಟಿನ ಪಾಠಗಳು, ಮತ್ತು ಹಾಲ್ ಲಿಯೊನಾರ್ಡ್ ಗಿಟಾರ್ ಮೆಥಡ್ ಪುಸ್ತಕದ ಮೊದಲ ಭಾಗ. ಇಷ್ಟು ದಿನ ನಿಜವಾಗಿ ಬಳಸಿದ್ದು ಇವನ್ನೇ.

ಜಸ್ಟಿನ್ ಗಿಟಾರ್ ಪಾಠಗಳು ವೆಬ್‌ಸೈಟಿನಲ್ಲಿ ಉಚಿತ. ಆಸ್ಟ್ರೇಲಿಯಾ ಮೂಲದ ಜಸ್ಟಿನ್ ಸ್ಯಾಂಡರ್ಕೋ 2003ರಲ್ಲಿ ಶುರು ಮಾಡಿದ್ದು. ಹಾಡುಗಳ ಆ್ಯಪ್ ಬೇರೆ, ಅದಕ್ಕೆ ದುಡ್ಡು ಕೊಡಬೇಕು. ನನಗೆ ಅದು ಬೇಕಾಗಲಿಲ್ಲ. ಇಲ್ಲಿನ ದೊಡ್ಡ ಗುಣ ಅಂದರೆ ಕ್ರಮ. ಮೊದಲು ಎ ಮತ್ತು ಡಿ, ಆಮೇಲೆ ಇ, ಹೀಗೆ ಒಂದೊಂದೇ. ನನಗೆ ಅತಿ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ನಿಮಿಷದ ಬದಲಾವಣೆ ಅಭ್ಯಾಸ. ಗಡಿಯಾರ ಹಚ್ಚಿ ಒಂದು ನಿಮಿಷದಲ್ಲಿ ಎರಡು ಕಾರ್ಡ್ ನಡುವೆ ಎಷ್ಟು ಸಲ ದಾಟುತ್ತೀರಿ ಅಂತ ಎಣಿಸುವುದು, ಅಷ್ಟೇ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಟ್ಟೆ. ಜಿ-ಸಿ ಮೊದಲ ದಿನ 9. ಎರಡು ತಿಂಗಳಿಗೆ 34. ಕೈ ಮುಂದೆ ಹೋಗಿದೆಯೋ ಇಲ್ಲವೋ ಅನ್ನುವ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಸಿಗಲಿಲ್ಲ.

ಕೊರತೆಯೂ ಇದೆ. ಪಾಠ ಇಂಗ್ಲಿಷಿನಲ್ಲಿ, ಹಾಡುಗಳು ಅವರ ಕಡೆಯವು. ಮಾತು ಸ್ಪಷ್ಟ, ಸಬ್‌ಟೈಟಲ್ ಹಾಕಿಕೊಂಡರೆ ತೊಂದರೆ ಇಲ್ಲ. ಆದರೆ ಉದಾಹರಣೆಗೆ ಕೊಟ್ಟ ಹಾಡು ಒಮ್ಮೆಯೂ ಕೇಳಿಲ್ಲದಿದ್ದರೆ ಆ ಲಯ ಕಿವಿಗೆ ಹತ್ತುವುದು ತಡ. ಇನ್ನೊಂದು, ಪಾಠಗಳು ರಾಶಿ ಇವೆ. ಮುಂದಿನ ಗ್ರೇಡಿಗೆ ಜಿಗಿಯಲು ಯಾರ ತಡೆಯೂ ಇಲ್ಲ. ನಾನು ಜಿಗಿದೆ, ಮುಗ್ಗರಿಸಿದೆ, ವಾಪಸ್ ಬಂದೆ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ಪಾಠ ನೋಡುವುದು ಚಿಗರಿ ಬಸ್ಸಿನಲ್ಲಿ, ಗಿಟಾರ್ ಹಿಡಿಯುವುದು ಮನೆಯಲ್ಲಿ. ಗಿಟಾರ್ ತೊಡೆ ಮೇಲಿದ್ದಾಗ ಫೋನ್ ಇನ್ನೊಂದು ಕೋಣೆಯಲ್ಲಿ.

ಹಾಗೆ ಫೋನ್ ದೂರ ಇಟ್ಟಾಗ ಕಣ್ಣಿಗೆ ಏನಾದರೂ ಬೇಕಲ್ಲ? ಅದಕ್ಕೇ ಪುಸ್ತಕ. ಹಾಲ್ ಲಿಯೊನಾರ್ಡ್ ಬೇರೆ ದಾರಿ ಹಿಡಿಯುತ್ತದೆ. ಕಾರ್ಡಿನಿಂದಲ್ಲ, ಮೊದಲ ತಂತಿಯ ಮೂರು ಸ್ವರಗಳಿಂದ ಶುರು. ಇ, ಎಫ್, ಜಿ. ಐದು ಗೆರೆಯ ಸ್ಟಾಫ್ ಓದುವುದನ್ನು ಮೊದಲ ಪುಟಗಳಲ್ಲೇ ಕಲಿಸುತ್ತದೆ. ಸಣ್ಣ ಸಣ್ಣ ಮಟ್ಟು. ಮಕ್ಕಳ ಪುಸ್ತಕದ ಹಾಗೆ ಕಾಣುತ್ತದೆ, ಮೊದಲ ವಾರ ನನಗೆ ನಾಚಿಕೆಯೇ ಆಯಿತು. ಆದರೆ ಯಾವ ತಂತಿಯಲ್ಲಿ ಯಾವ ಸ್ವರ ಎಲ್ಲಿದೆ ಅನ್ನುವುದು ತಲೆಗೆ ಇಳಿದದ್ದು ಇದರಿಂದಲೇ. ಕಾರ್ಡ್ ಮಾತ್ರ ಕಲಿತವರಿಗೆ ಇದು ವರ್ಷಗಟ್ಟಲೆ ಬರುವುದಿಲ್ಲ.

ಇಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಸ್ಟಾಫ್ ಓದಲು ಬೇಜಾರಾಗಿ ಪ್ರತಿ ಸ್ವರದ ಮೇಲೆ ಪೆನ್ಸಿಲ್‌ನಲ್ಲಿ ಸರಿಗಮ ಬರೆದೆ. ಸಿ ಅಂದರೆ ಸ, ಡಿ ಅಂದರೆ ರಿ, ಹಾಗೇ ಮುಂದಕ್ಕೆ. ಎಲ್ಲ ಶುದ್ಧ ಸ್ವರದ ಬಿಲಾವಲ್ ಸಿಕ್ಕಿತು, ಖುಷಿಯಾಯಿತು. ಆಮೇಲೆ ಜಿ ಮೇಜರಿನ ಮಟ್ಟು ಬಂತು. ಅಲ್ಲಿ ಜಿ ತಾನೇ ಷಡ್ಜ, ಅಂದರೆ ಸ! ನನ್ನ ಬರಹದಲ್ಲಿ ಅದು ಪಂಚಮ. ಹಾಡಿಕೊಂಡರೆ ಎಲ್ಲ ಅಡ್ಡಾದಿಡ್ಡಿ. ನಮ್ಮ ಸ ಎಲ್ಲಿ ಬೇಕಾದರೂ ಕೂರುತ್ತದೆ, ಅವರ ಸಿ ಇದ್ದಲ್ಲೇ ಇರುತ್ತದೆ. ಸರಿಗಮ ಗೊತ್ತಿರುವ ನಮ್ಮ ಕಡೆಯವರೆಲ್ಲ ಇಲ್ಲಿ ಬೀಳುವ ಸಾಧ್ಯತೆ ಜಾಸ್ತಿ. ರಬ್ಬರ್ ತಗೊಂಡು ಎಲ್ಲ ಅಳಿಸಿದೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಎರಡರಲ್ಲೂ ಇಲ್ಲದ್ದು, ನನಗೆ ಬೇಕಾಗಿದ್ದು ಒಂದೇ. ಅವ್ವನ ಹಾಡಿಗೆ ಹೊಂದಿಸುವುದು ಹೇಗೆ?

ಅವ್ವನ ಶ್ರುತಿ, ಅಂದರೆ ಅವಳ ಸ ಕೂರುವ ಜಾಗ, ಕಪ್ಪು ಐದು. ನಮ್ಮ ಕಡೆ ಕಾಳಿ ಪಾಂಚ್ ಅಂತಲೂ ಅನ್ನುತ್ತಾರೆ. ಪೇಟಿಯಲ್ಲಿ ಐದನೇ ಕಪ್ಪು ಮನೆ, ಅಂದರೆ ಎ ಶಾರ್ಪ್. ಆ ಕಾರ್ಡನ್ನು ಹಾಗೇ ಹಿಡಿಯಬೇಕಾದರೆ ಬಾರ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವುದು) ಹಾಕಬೇಕು, ಹೊಸಬರಿಗೆ ಆಗದ ಮಾತು. ಗಿಟಾರಿನ ಕುತ್ತಿಗೆಗೆ ಕೇಪೋ, ಅಂದರೆ ಎಲ್ಲ ತಂತಿ ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು, ಹಾಕಿದರೆ ಸುಲಭ. ಮೂರನೇ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ) ಕೇಪೋ ಹಾಕಿ ಜಿ ಹಿಡಿದರೆ ಕಪ್ಪು ಐದು ಬರುತ್ತದೆ. ಎರಡಕ್ಕೆ ಹಾಕಿದರೆ ಬಿಳಿ ಆರು. ಒಂದಕ್ಕೆ ಹಾಕಿದರೆ ಕಪ್ಪು ನಾಲ್ಕು. ಗಂಡಸರು ಕಪ್ಪು ಒಂದಕ್ಕೆ ಹಾಡಿದರೆ ಕೇಪೋ ಒಂದಕ್ಕಿಟ್ಟು ಸಿ ಹಿಡಿಯಿರಿ. ಈ ಲೆಕ್ಕವನ್ನು ರಟ್ಟಿನ ಮೇಲೆ ಬರೆದು ಗಿಟಾರ್ ಚೀಲದಲ್ಲಿಟ್ಟಿದ್ದೇನೆ.

ಜಿ ಆಕಾರದಲ್ಲೇ ಇರುವುದರ ಇನ್ನೊಂದು ಲಾಭ, ಹೊಸಬರಿಗೆ ಕಷ್ಟವಾದ ಎಫ್ ಕಾರ್ಡ್ ಬೇಕಾಗುವುದೇ ಇಲ್ಲ. ಜಿ, ಸಿ, ಡಿ, ಇ ಮೈನರ್, ಎ ಮೈನರ್. ಎಷ್ಟೋ ಭಾವಗೀತೆ ಇಷ್ಟರಲ್ಲೇ ಮುಗಿಯುತ್ತವೆ. ಬಿ ಮೈನರ್ ಒಂದು ಆಗಾಗ ಕಾಡುತ್ತದೆ, ಕೆಲವು ಕಡೆ ಆ ಜಾಗದಲ್ಲಿ ಡಿ ಹಿಡಿದು ದಾಟಿಸುತ್ತೇನೆ. ಎಫ್ ಬರಲಿಲ್ಲ ಅಂತ ಗಿಟಾರ್ ಮಾರಿದವರನ್ನು ನೋಡಿದ್ದೇನೆ. ನಾನು ಅದನ್ನು ಒಂದು ವರ್ಷ ಮುಟ್ಟಲೇ ಇಲ್ಲ.

ವಚನ, ದಾಸರ ಪದಕ್ಕೆ ಮಾತ್ರ ಬೇರೆ ಉಪಾಯ ಬೇಕು. ಕೋಮಲ ಗಂಧಾರ (ಶುದ್ಧಕ್ಕಿಂತ ಕೆಳಗಿನ ಗ) ಇರುವ ರಾಗದಲ್ಲಿ ಹಾಡುವಾಗ ಮೇಜರ್ ಕಾರ್ಡ್ ಹಾಕಿದರೆ ಅದರೊಳಗಿನ ಶುದ್ಧ ಗಂಧಾರ ಹೋಗಿ ಕೋಮಲ ಗಂಧಾರಕ್ಕೆ ಡಿಕ್ಕಿ ಹೊಡೆಯುತ್ತದೆ. ಭೈರವಿಯಲ್ಲಿ ಹಾಗೆ ಮಾಡಿ ಅವ್ವನ ಕೈಲಿ ಬೈಸಿಕೊಂಡೆ. ಈಗ ಸ-ಪ ಮಾತ್ರ ಬರುವ ಜಿ ಹಿಡಿಯುತ್ತೇನೆ. ಆರನೇ ತಂತಿ ಮೂರನೇ ಫ್ರೆಟ್, ಐದನೇ ತಂತಿ ಬಂದ್, ನಾಲ್ಕು ಮತ್ತು ಮೂರು ಖಾಲಿ, ಎರಡು ಮತ್ತು ಒಂದನೇ ತಂತಿ ಎರಡೂ ಮೂರನೇ ಫ್ರೆಟ್. ಗಂಧಾರ ಎಲ್ಲೂ ಇಲ್ಲ. ನಿಧಾನವಾಗಿ ಒಂದೊಂದೇ ತಂತಿ ಮೀಟಿದರೆ ತಂಬೂರಿಯ ಬಡ ತಂಗಿಯ ಹಾಗೆ ಕೇಳುತ್ತದೆ.

ಸಿತಾರ್ ಹಿರಿಯರು ಒಂದು ಸಂಜೆ ಬಂದು ಕೂತು ಕೇಳಿದರು. ಕಾರ್ಡ್ ಬಂದಾಗ 'ಗಂಧಾರ ಒಂಚೂರು ಏರೇತಲ್ಲ' ಅಂದರು. ಕಿವಿ ಅಂದರೆ ಅದು. ಗಿಟಾರಿನ ಫ್ರೆಟ್ ಹನ್ನೆರಡು ಸಮ ಭಾಗದ ಲೆಕ್ಕ, ಅಲ್ಲಿ ಶುದ್ಧ ಗಂಧಾರ ಸಹಜ ಜಾಗಕ್ಕಿಂತ ಸುಮಾರು 14 ಸೆಂಟ್ ಮೇಲೆ. ಅರ್ಧ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ ಹಾಕಿದರೆ ಸಣ್ಣದೇ. ಸಿತಾರಿನ ಪರದೆ (ಫ್ರೆಟ್) ಸರಿಸಬಹುದು, ಇದನ್ನು ಸರಿಸಲಾಗದು. ಪೇಟಿಯಲ್ಲೂ ಇದೇ ಕಥೆ ಅಂದೆ. 'ಅದಕ್ಕ ನಾ ಪೇಟಿ ಇಡೂದಿಲ್ಲ' ಅಂದು ಚಹಾ ಕುಡಿದು ಎದ್ದರು.

ತಾಳದ ಮಾತೂ ಹೇಳಬೇಕು. ನಾನು ಮಾಡಿದ ಆರಂಭದ ಪಾಠಗಳಲ್ಲಿ ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಮೀಟುವುದು) ಹೆಚ್ಚಾಗಿ ನಾಲ್ಕರ ಎಣಿಕೆಯದು. ಎಂಟು ಮಾತ್ರೆಯ ಕೆಹರ್ವಾ ತಾಳಕ್ಕೆ ಅದು ಹೊಂದುತ್ತದೆ. ಆದರೆ ನಮ್ಮ ಭಾವಗೀತೆಗಳಲ್ಲಿ ದಾದ್ರಾ ಎಷ್ಟೊಂದು! ಆರು ಮಾತ್ರೆ. ನಾಲ್ಕರ ಕೈ ಅಲ್ಲಿ ಓಡುವುದೇ ಇಲ್ಲ. ಫೋನಿನ ತಬಲಾ ಆ್ಯಪ್‌ನಲ್ಲಿ ಧಾ ಧಿಂ ನಾ ಧಾ ತೂ ನಾ ಹಚ್ಚಿ, ಧಾ ಬಂದಾಗ ದಪ್ಪ ತಂತಿ, ಉಳಿದ ಎರಡಕ್ಕೆ ಸಣ್ಣ ತಂತಿ ಮೀಟಿ ಕಲಿತೆ. ಕನ್ನಡದಲ್ಲಿ ಗಿಟಾರ್ ಪಾಠದ ವಿಡಿಯೋ ಬೇಕಾದಷ್ಟಿವೆ, ಒಂದೊಂದು ಹಾಡಿಗೆ ಸಹಾಯವೂ ಆಗುತ್ತವೆ. ಆದರೆ ದಾದ್ರಾಗೆ ಬಲಗೈ ಕೂರಿಸುವ ಪಾಠ ಕ್ರಮವಾಗಿ ಯಾರಾದರೂ ಮಾಡಿದರೆ ಮೊದಲ ಗಿರಾಕಿ ನಾನೇ.

ಇನ್ನು ವಾದ್ಯ. ಅಟ್ಟದ ಗಿಟಾರಿನಲ್ಲಿ ಹನ್ನೆರಡನೇ ಫ್ರೆಟ್ ಹತ್ತಿರ ದಪ್ಪ ತಂತಿಯ ಕೆಳಗೆ 4 ಮಿಲಿಮೀಟರ್ ಜಾಗ ಇತ್ತು. 2.5ರ ಆಸುಪಾಸು ಇದ್ದರೆ ಬೆರಳಿಗೆ ಆರಾಮ. ನನ್ನ ಬೆರಳೇ ಸರಿ ಇಲ್ಲ ಅಂತ ನಾಲ್ಕು ತಿಂಗಳು ಅಂದುಕೊಂಡಿದ್ದೆ! ರಿಪೇರಿಯವರು ಸ್ಯಾಡಲ್ (ತಂತಿ ಕೂರುವ ಪಟ್ಟಿ) ಉಜ್ಜಿ, ಕುತ್ತಿಗೆ ಸರಿಮಾಡಿ, 10 ಗೇಜಿನ ತೆಳು ತಂತಿ ಹಾಕಿದರು. ಬೇರೆಯವರ ಗಿಟಾರ್ ಹಿಡಿದ ಹಾಗಾಯಿತು. ಪಾಠಕ್ಕೆ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ. ಎರಡನೇ ವರ್ಷ ಯಮಹಾ ಎಫ್310 ತಗೊಂಡೆ, ತಕರಾರಿಲ್ಲ. ಧಾರವಾಡದ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಬಾರಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ.

ಮನೆಯಲ್ಲೇ ಕಲಿತೆ ಅಂದೆನಲ್ಲ, ಪೂರ್ತಿ ನಿಜವಲ್ಲ. ಮಣಿಕಟ್ಟು ನೋವಿನ ನಂತರ ಹುಬ್ಬಳ್ಳಿಯಲ್ಲಿ ಒಬ್ಬ ಶಿಕ್ಷಕರ ಹತ್ತಿರ ಎರಡು ತಿಂಗಳಿಗೊಮ್ಮೆ ಒಂದು ಗಂಟೆ ಹೋಗುತ್ತೇನೆ. ಹೊಸ ಪಾಠಕ್ಕಲ್ಲ, ಕೈ ನೋಡಿ ಬೈಯುವುದಕ್ಕೆ. ಹೆಬ್ಬೆರಳು ಕುತ್ತಿಗೆಯ ಹಿಂದೆ ಎಲ್ಲಿರಬೇಕು ಅನ್ನುವುದನ್ನು ಅವರು ಐದು ನಿಮಿಷದಲ್ಲಿ ಸರಿಮಾಡಿದರು. ಅಷ್ಟೂ ಆಗದವರು ಎದುರಿಗೆ ಕನ್ನಡಿ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಬೇಕಿದ್ದವರು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಯ ಪಠ್ಯ ಹಿಡಿಯುವುದು ವಾಸಿ, ಅದರ ಲೆಕ್ಕವೇ ಬೇರೆ.

ಅಂಕ ಕೊಡು ಅಂದರೆ ಜಸ್ಟಿನ್ ಪಾಠಕ್ಕೆ ಐದರಲ್ಲಿ ನಾಲ್ಕೂವರೆ. ಪುಸ್ತಕಕ್ಕೆ ನಾಲ್ಕು, ಆ ಮಟ್ಟುಗಳು ನಮ್ಮ ಕಿವಿಯವಲ್ಲ ಅಂತ ಒಂದು ಕಡಿಮೆ. ನನಗೆ ನಾನೇ ಕೊಟ್ಟುಕೊಂಡರೆ ಎರಡೂವರೆ ದಾಟುವುದಿಲ್ಲ. ವಾರದಲ್ಲಿ ನಾಲ್ಕು ದಿನ, ದಿನಕ್ಕೆ 25 ನಿಮಿಷ, ಅಷ್ಟೇ ನನ್ನ ಕೈಲಾಗಿದ್ದು.

ಅವ್ವನ ದನಿ ಈಗ ಇಳಿದಿದೆ. ಮೊದಲ ವರ್ಷ ಕೇಪೋ ಮೂರರಲ್ಲಿತ್ತು. ಹೋದ ದೀಪಾವಳಿ ಹೊತ್ತಿಗೆ ಎರಡಕ್ಕೆ ತಂದೆವು, ಯುಗಾದಿಯಿಂದ ಒಂದರಲ್ಲಿದೆ. ಮೊನ್ನೆ ಮೇಲಿನ ಸ ಹಿಡಿಯಲು ಹೋಗಿ ಕೆಮ್ಮು ಬಂತು. ನೀರು ಕುಡಿದು 'ಇದರಾಗ ಬಿಳಿ ಐದು ಇಲ್ಲೇನ?' ಅಂತ ಕೇಳಿದಳು.

'ಅದಕ್ಕ ಕೇಪೋನ ಬ್ಯಾಡ' ಅಂದೆ, ಬಿಚ್ಚಿ ಪಕ್ಕಕ್ಕಿಟ್ಟೆ.