ಗ್ಯಾಸಿಗೆ ನಾಲ್ಕು ಸ್ಟಾರ್, ಬಯೋಚಾರಿಗೆ ಮೂರು, ಅಗ್ರಿಮೆಂಟಿಗೆ ಒಂದು

ತೀರ್ಥಹಳ್ಳಿ ಹತ್ರ ನಮ್ದು ಎರಡೂವರೆ ಎಕರೆ ಅಡಿಕೆ ತೋಟ, ಕೊಟ್ಟಿಗೇಲಿ ಐದು ದನ. ಹೊರದೇಶದ ಪಾರ್ಟ್ನರ್ ಇರೋ ಒಂದು ಕಂಪನಿಯವ್ರು ಹೋದ್ವರ್ಷ ಬಲೂನ್ ಥರದ ಗೋಬರ್ ಗ್ಯಾಸು, ಜೊತೆಗೆ ಅಡಿಕೆ ಸಿಪ್ಪೆ ಸುಟ್ಟು ಬಯೋಚಾರ್ (ಮಣ್ಣಿಗೆ ಹಾಕೋ ಇದ್ಲು) ಮಾಡೋ ಕಬ್ಬಿಣದ ಗೂಡು, ಎರಡೂ ಒಂದೇ ಪ್ಯಾಕೇಜಲ್ಲಿ ಹಾಕ್ಕೊಟ್ರು. ಹೆಸರು ಬೇಡ.

ಗ್ಯಾಸ್ ಒಳ್ಳೇದೇ. ಆದ್ರೆ 2 ಘನ ಮೀಟರ್ ಪ್ಲಾಂಟಿಗೆ ದಿನಾ ಸುಮಾರು 50 ಕೆಜಿ ಸಗಣಿ ಬೇಕು, ಅಷ್ಟೇ ನೀರು. ಬರೀ ಮಲೆನಾಡು ಗಿಡ್ಡ, ಅಂದ್ರೆ ನಮ್ಮ ಕಡೆ ಸಣ್ಣ ಜಾತಿ ದನ ಸಾಕಿರೋರು ಲೆಕ್ಕ ಹಾಕ್ಕೊಳಿ, ಅವು ಹಾಕೋದೇ ಚೂರು, ಅದ್ರಲ್ಲೂ ಅರ್ಧ ಮೇಯೋ ಬ್ಯಾಣದಲ್ಲೇ ಹಾಕಿ ಬರ್ತಾವೆ. ನಮ್ಗೆ ಎರಡು ಎಚ್‌ಎಫ್ ಕ್ರಾಸ್ (ದೊಡ್ಡ ಮಿಶ್ರತಳಿ ದನ) ಇರೋದಕ್ಕೆ ನಡೀತಿದೆ. ಆಷಾಢದಲ್ಲಿ ಥಂಡಿಗೆ ಒಳಗಿನ ಬ್ಯಾಕ್ಟೀರಿಯಾ ಮಲಗಿಬಿಡ್ತಾವೆ, ಚಾ ಆಗೋಷ್ಟ್ರಲ್ಲಿ ಉರಿ ಸಣ್ಣ. ಅಮ್ಮ ಬಚ್ಚಲ ಹಂಡೆಯಿಂದ ಉಗುರುಬೆಚ್ಚಗಿನ ನೀರು ತಂದು ಸಗಣಿ ಕಲಸೋಕೆ ಶುರು ಮಾಡಿದ್ಮೇಲೆ ಸ್ವಲ್ಪ ಸುಧಾರಿಸ್ತು, ಇದನ್ನ ಕಂಪನಿಯವ್ರು ಹೇಳ್ಲೇ ಇಲ್ಲ ನೋಡಿ.

ಬಯೋಚಾರ್ ಕತೆ ಬೇರೆ. ಸಿಪ್ಪೆ ಗರಿಗರಿ ಒಣಗಿರ್ಬೇಕು, ಇಲ್ಲಾಂದ್ರೆ ಇಡೀ ಊರಿಗೆ ಹೊಗೆ. ಮೊದಲ ಸಲ ಬೆಂಕಿ ಆರಿಸೋಕೆ ನೀರು ಹೊಡೆಯೋದು ತಡ ಆಗಿ ಎಲ್ಲಾ ಬೂದಿ ಆಯ್ತು, ಎರಡನೇ ಸಲ ಸರಿಯಾಗಿ ಬಂದಿದ್ದನ್ನ ಖುಷೀಲಿ ಏನೂ ಬೆರೆಸ್ದೆ ಹಾಗೇ ಸಸಿ ಬುಡಕ್ಕೆ ಸುರಿದೆ, ಎಲೆ ಹಳದಿ ತಿರುಗ್ತು. ಖಾಲಿ ಇದ್ಲು ಮೊದ್ಲು ಮಣ್ಣಲ್ಲಿರೋ ಸಾರಜನಕಾನೇ ಹಿಡ್ಕೊಂಡ್ಬಿಡತ್ತೆ. ಈಗ ಗೋಬರ್ ಗ್ಯಾಸಿನ ಬಗ್ಗಡದಲ್ಲಿ ಹದಿನೈದು ದಿನ ನೆನೆಸಿ ಹಾಕ್ತೀವಿ, ನಮ್ಮ ಹುಳಿ ಮಣ್ಣಿಗೆ ಚೆನ್ನಾಗಿ ಹೊಂದತ್ತೆ, ಬೇಸಿಗೇಲಿ ಬುಡದ ತೇವಾನೂ ಜಾಸ್ತಿ ದಿನ ನಿಂತಿದೆ.

ಸಿಟ್ಟು ಬಂದಿದ್ದು ಕಾಗದದ ವಿಷ್ಯಕ್ಕೆ. ಚೆನ್ನಾಗಿ ಸುಟ್ಟ 1 ಟನ್ ಬಯೋಚಾರ್ ಅಂದ್ರೆ ಹತ್ತಿರತ್ತಿರ 2.5 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ ಅಂತ ಲೆಕ್ಕ ಹಾಕಿ ಕಾರ್ಬನ್ ಕ್ರೆಡಿಟ್ (ಅಷ್ಟು ಕಾರ್ಬನ್ ಗಾಳಿಗೆ ಹೋಗದ ಹಾಗೆ ಹಿಡಿದಿಟ್ವಿ ಅನ್ನೋ ಸರ್ಟಿಫಿಕೇಟು) ಮಾಡಿ ಯುರೋಪಿನ ಕಂಪನಿಗಳಿಗೆ ಮಾರ್ತಾರೆ, ಅದಕ್ಕೇ ನಮ್ಗೆ ಗೂಡು ಇಷ್ಟು ಅಗ್ಗಕ್ಕೆ ಸಿಕ್ಕಿದ್ದು. ಸಿಪ್ಪೆ ನಮ್ದು, ಹೊಗೆ ಕುಡಿಯೋರೂ ನಾವೇ, ಕ್ರೆಡಿಟ್ ಹಕ್ಕು ಪೂರ್ತಿ ಅವ್ರಿಗೆ ಅಂತ ಇಂಗ್ಲಿಷ್ ಅಗ್ರಿಮೆಂಟಲ್ಲಿ ಹನ್ನೊಂದನೇ ಪುಟದಲ್ಲಿದೆ, ನಮ್ಗೆ ಕೆಜಿ ಲೆಕ್ಕದಲ್ಲಿ ಚಿಲ್ಲರೆ. ಪ್ರತಿ ಸಲ ಸುಟ್ಟಾಗ್ಲೂ ಆಪಲ್ಲಿ ಫೋಟೋ ಹಾಕ್ಬೇಕು, ಇಲ್ಲಾಂದ್ರೆ ಅದೂ ಇಲ್ಲ. ನೆಟ್ವರ್ಕ್ ಸಿಗೋದು ಗುಡ್ಡದ ಮೇಲೆ!

ಕನ್ನಡ ಕಾಪಿ ಕೇಳಿ ಎಂಟು ತಿಂಗಳಾಯ್ತು. ಮೊನ್ನೆ ಫೋನ್ ಮಾಡಿ ಪಕ್ಕದ ಮನೆಯವ್ರನ್ನ ಸೇರ್ಸಿ ಸರ್, ಸರ್ವೀಸ್ ಫ್ರೀ ಕೊಡ್ತೀವಿ ಅಂದ್ರು. ಮೊದ್ಲು ಆ ಕಾಗದ ಕಳ್ಸಿ ಮಾರಾಯ್ರೇ ಅಂದೆ, ಲೈನ್ ಕಟ್ಟಾಯ್ತು. ಅದು ಮಾತ್ರ ನೆಟ್ವರ್ಕಿಂದ ಅಲ್ಲ.