ಸ್ನ್ಯಾಪ್‌ಶಾಟ್ ಇದ್ದರೆ ಸಾಕೆಂದು ನಂಬಬೇಡಿ: ಮನೆಯಲ್ಲಿ ವರ್ಚುವಲ್ ಸರ್ವರ್ ಇಟ್ಟುಕೊಂಡವರಿಗೆ ಎಚ್ಚರಿಕೆ

ತೋಟದ ಲೆಕ್ಕ, ಕಾರ್ಮಿಕರ ಕೂಲಿ ಮತ್ತು ಮುಂಗಡ, ಜಮೀನಿನ ದಾಖಲೆಗಳ ಸ್ಕ್ಯಾನ್ ಪ್ರತಿ, ಮನೆಯವರ ಫೋಟೋಗಳು ಎಲ್ಲವನ್ನೂ ಮನೆಯ ಮೂಲೆಯಲ್ಲಿರುವ ಒಂದೇ ಕಂಪ್ಯೂಟರಿನ ವರ್ಚುವಲ್ ಸರ್ವರುಗಳಲ್ಲಿ (ತಂತ್ರಾಂಶದ ಮೂಲಕ ಒಂದೇ ಯಂತ್ರದೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವವುಗಳಲ್ಲಿ) ತುಂಬಿಟ್ಟು ನಿಶ್ಚಿಂತರಾಗಿರುವವರು ನನ್ನ ಪರಿಚಯದಲ್ಲೇ ಕೆಲವರಿದ್ದಾರೆ. ಅವರಿಗಾಗಿ, ಮತ್ತು ಮಳೆಗಾಲದ ಬಿಡುವಿನಲ್ಲಿ ಅಂಥ ಯಂತ್ರವೊಂದನ್ನು ಕಟ್ಟಿ ನೋಡೋಣ ಎಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಜುಲೈ ತಿಂಗಳ ಒಂದು ವಾರಾಂತ್ಯದಲ್ಲಿ ಸೋಮವಾರಪೇಟೆ ಕಡೆಯ ನನ್ನ ಗೆಳೆಯನ ಮನೆಯಲ್ಲಿ ನಡೆದದ್ದು ಬೇರೆ ಯಾವ ಮನೆಯಲ್ಲೂ ನಡೆಯಬಾರದು.

ಗೆಳೆಯನ ಮನೆಯ ಯಂತ್ರವನ್ನು ಸಿದ್ಧಪಡಿಸಿಕೊಟ್ಟದ್ದು ಹಣ ಪಡೆದು ಈ ಕೆಲಸ ಮಾಡುವ ಒಬ್ಬ ತಂತ್ರಜ್ಞ. ಕಚೇರಿಯೊಂದರಿಂದ ವಿಲೇವಾರಿಯಾದ ಡೆಸ್ಕ್‌ಟಾಪ್, 16 ಜಿಬಿ ರ್‍ಯಾಮ್, 480 ಜಿಬಿಯ ಒಂದೇ ಒಂದು ಎಸ್‌ಎಸ್‌ಡಿ. ಅದರ ಮೇಲೆ, ಇಂಥ ವರ್ಚುವಲ್ ಯಂತ್ರಗಳನ್ನು ನಡೆಸುವ, ಡೆಬಿಯನ್ ಲಿನಕ್ಸ್ ಆಧಾರಿತ ಪ್ರಾಕ್ಸ್‌ಮಾಕ್ಸ್ ತಂತ್ರಾಂಶವನ್ನು ಹಾಕಿ, ತೋಟದ ಲೆಕ್ಕಕ್ಕಾಗಿ ವಿಂಡೋಸ್ ಇರುವ ಒಂದು ವರ್ಚುವಲ್ ಯಂತ್ರವನ್ನೂ, ಮನೆಯವರೆಲ್ಲರ ಕಡತ ಮತ್ತು ಫೋಟೋಗಳಿಗಾಗಿ ಇನ್ನೊಂದು ಯಂತ್ರವನ್ನೂ ಆತ ನಿರ್ಮಿಸಿದ್ದ. ಬ್ಯಾಕಪ್ ಇದೆಯೇ ಎಂದು ಗೆಳೆಯನ ತಂದೆ ಕೇಳಿದಾಗ, ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದ, ಆಯಾ ಕ್ಷಣದ ಡಿಸ್ಕಿನ ಸ್ಥಿತಿಯನ್ನು ಗುರುತಿಟ್ಟುಕೊಳ್ಳುವ ಸ್ನ್ಯಾಪ್‌ಶಾಟ್‌ಗಳನ್ನು ತೋರಿಸಿ, ‘ಇಷ್ಟೊಂದು ಇವೆ ಸಾರ್, ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು’ ಎಂದಿದ್ದನಂತೆ. ಹಿರಿಯರು ನಂಬಿದರು. ತಂತ್ರಾಂಶದ ಒಳಗುಟ್ಟು ತಿಳಿಯದ ಯಾರಾದರೂ ನಂಬುತ್ತಾರೆ. ಆ ತಂತ್ರಾಂಶದ ಮೇಲೆ ನನ್ನ ದೂರಿಲ್ಲ. ನಾನೂ ಅದನ್ನೇ ಬಳಸುತ್ತೇನೆ. ದೂರಿರುವುದು, ಒಂದೇ ಡಿಸ್ಕಿನಲ್ಲಿ ಎಲ್ಲವನ್ನೂ ಇರಿಸಿ ಅದಕ್ಕೆ ಬ್ಯಾಕಪ್ ಎಂಬ ಹೆಸರು ಕೊಟ್ಟು ಹಣ ಪಡೆಯುವ ಪದ್ಧತಿಯ ಮೇಲೆ.

ಆ ವಾರಾಂತ್ಯ ನಾವು ಗೆಳೆಯರು ಸೇರಿದ್ದು ಕಲಿಯುವುದಕ್ಕೆ. ಮೈಸೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ಇನ್ನೊಬ್ಬ ಗೆಳೆಯನೂ ಬಂದಿದ್ದ. ಹೊರಗೆ ಬಿಡದೆ ಸುರಿಯುವ ಮಳೆ; ತೋಟಕ್ಕೆ ಇಳಿಯುವಂತಿರಲಿಲ್ಲ. ಒಂದು ಫೈರ್‌ವಾಲ್, ಒಂದು ವೆಬ್ ಸರ್ವರ್, ಮನೆಯ ಫೋನುಗಳಿಗೆಲ್ಲ ಜಾಹೀರಾತು ತಡೆಯುವ ಒಂದು ಡಿಎನ್‌ಎಸ್ ಸರ್ವರ್ ಹೀಗೆ ಸಣ್ಣ ಸಣ್ಣ ವರ್ಚುವಲ್ ಯಂತ್ರಗಳನ್ನು ಕಟ್ಟುತ್ತ, ಒಂದಕ್ಕೊಂದು ಜೋಡಿಸುತ್ತ ಶನಿವಾರವಿಡೀ ಕಳೆಯಿತು. ಪ್ರತಿಯೊಂದಕ್ಕೂ 32 ಜಿಬಿ ಜಾಗವನ್ನು ನಿಗದಿ ಮಾಡಿದಾಗ ಯಂತ್ರ ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತು. ರಾತ್ರಿ ಮಲಗುವ ಮುನ್ನ ಡಿಸ್ಕಿನ ವೇಗ ಅಳೆಯುವ ಒಂದು ಪರೀಕ್ಷೆಯನ್ನು ಓಡಲು ಬಿಟ್ಟಿದ್ದೆವು. ಅದೇ ರಾತ್ರಿ ಲೆಕ್ಕದ ಯಂತ್ರದೊಳಗಿನ ವಿಂಡೋಸ್ ತನ್ನ ದೊಡ್ಡ ಅಪ್‌ಡೇಟ್ ಒಂದನ್ನು ತಾನಾಗಿಯೇ ಇಳಿಸಿಕೊಳ್ಳತೊಡಗಿತ್ತು. ನಡುರಾತ್ರಿಯ ನಂತರ ಎಲ್ಲೋ ಮರ ಬಿದ್ದು ವಿದ್ಯುತ್ ಹೋಯಿತು.

ಬೆಳಿಗ್ಗೆ ಮೂಲ ಯಂತ್ರವೇನೋ ಚಾಲೂ ಆಗಿತ್ತು. ಆದರೆ ಅದರೊಳಗಿನ ಒಂದು ವರ್ಚುವಲ್ ಯಂತ್ರವೂ ಏಳಲಿಲ್ಲ. ಪೂಲಿನ (ವರ್ಚುವಲ್ ಯಂತ್ರಗಳ ಡಿಸ್ಕುಗಳೆಲ್ಲ ಇರುವ ಸಂಗ್ರಹದ) ತಪಾಸಣೆ ವಿಫಲವಾಗಿದೆ, ಕೈಯಾರೆ ದುರಸ್ತಿ ಬೇಕು ಎಂಬ ಅರ್ಥದ ಸಂದೇಶ ಮಾತ್ರ ಮತ್ತೆ ಮತ್ತೆ ಬಂತು. ಲೆಕ್ಕದ ಯಂತ್ರ, ಫೋಟೋಗಳ ಯಂತ್ರ, ನಾವು ಹಿಂದಿನ ದಿನ ಕಟ್ಟಿದ್ದವು, ಆ ಸಾಲು ಸಾಲು ಸ್ನ್ಯಾಪ್‌ಶಾಟ್‌ಗಳು ಎಲ್ಲವೂ ಒಟ್ಟಿಗೇ ಕೈಗೆ ಸಿಗದಾದವು.

ಏಕೆ ಹೀಗಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದೇ ಜೋಡಣೆ ಇನ್ನೆಷ್ಟೋ ಮನೆಗಳಲ್ಲಿ ಇರಬಹುದು. ಪ್ರಾಕ್ಸ್‌ಮಾಕ್ಸನ್ನು ಸಾಮಾನ್ಯ ರೀತಿಯಲ್ಲಿ ಹಾಕಿದರೆ, ಡಿಸ್ಕಿನ ಬಹುಪಾಲು ಜಾಗ ಥಿನ್ ಪೂಲ್ ಎಂಬ ಒಂದು ಸಂಗ್ರಹವಾಗುತ್ತದೆ. ಇಲ್ಲಿ ವರ್ಚುವಲ್ ಯಂತ್ರಕ್ಕೆ 200 ಜಿಬಿ ಎಂದು ನಿಗದಿ ಮಾಡಿದರೂ ಅಷ್ಟು ಜಾಗವನ್ನು ಮೊದಲೇ ತೆಗೆದಿಡುವುದಿಲ್ಲ. ಬರೆದಷ್ಟಕ್ಕೆ ಮಾತ್ರ ಜಾಗ ಖರ್ಚಾಗುತ್ತದೆ. ಆದ್ದರಿಂದ ಸುಮಾರು 300 ಜಿಬಿಯ ಪೂಲಿನಲ್ಲಿ 500 ಜಿಬಿಯಷ್ಟು ಮಾತು ಕೊಡಬಹುದು. ಒಂದೇ ಪತ್ತಾಯದ ಭತ್ತವನ್ನು ಮೂರು ಮನೆಗಳಿಗೆ ಹೇಳಿಟ್ಟಂತೆ: ಎಲ್ಲರೂ ಒಂದೇ ದಿನ ಚೀಲ ಹಿಡಿದು ಬರುವವರೆಗೆ ಕೊರತೆ ಯಾರಿಗೂ ಕಾಣುವುದಿಲ್ಲ. ಇದರ ಮೇಲೆ, ಒಳಗಿನ ವಿಂಡೋಸಿನಲ್ಲಿ ಕಡತಗಳನ್ನು ಅಳಿಸಿದರೂ, ಆ ವರ್ಚುವಲ್ ಡಿಸ್ಕಿಗೆ ಡಿಸ್ಕಾರ್ಡ್ ಎಂಬ ಆಯ್ಕೆಯನ್ನು ಕೊಟ್ಟಿರದಿದ್ದರೆ ಜಾಗ ಪೂಲಿಗೆ ಮರಳುವುದಿಲ್ಲ. ಈ ಯಂತ್ರದಲ್ಲಿ ಅದನ್ನು ಕೊಟ್ಟಿರಲಿಲ್ಲ.

ಇನ್ನು ಸ್ನ್ಯಾಪ್‌ಶಾಟ್. ಅದು ಕಡತಗಳ ಬೇರೆ ಪ್ರತಿಯಲ್ಲ. ಡಿಸ್ಕಿನ ಇಂಥ ಕ್ಷಣದ ಸ್ಥಿತಿಯನ್ನು ನೆನಪಿಟ್ಟುಕೊಂಡು, ಬದಲಾಗದ ಭಾಗಗಳನ್ನು ಮೂಲ ಡಿಸ್ಕಿನೊಂದಿಗೇ ಹಂಚಿಕೊಳ್ಳುವ ಒಂದು ಏರ್ಪಾಡು. ಅಪ್‌ಡೇಟ್ ಹಾಕುವ ಮುನ್ನ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಂಡು, ಕೆಟ್ಟರೆ ಹಿಂದಕ್ಕೆ ಹೋಗಿ, ಸರಿಯಾದರೆ ಅದನ್ನು ಅಳಿಸುವುದಕ್ಕೆ ಇದು ಬಹಳ ಒಳ್ಳೆಯ ಸಾಧನ. ಆದರೆ ಅದು ಇರುವುದು ಅದೇ ಪೂಲಿನಲ್ಲಿ, ಅದೇ ಡಿಸ್ಕಿನಲ್ಲಿ. ಪೂಲು ಕೆಟ್ಟರೆ ಮೂಲವೂ ಸ್ನ್ಯಾಪ್‌ಶಾಟೂ ಜೊತೆಯಾಗಿಯೇ ಹೋಗುತ್ತವೆ. ಅಷ್ಟೇ ಅಲ್ಲ, ಹಳೆಯ ಸ್ನ್ಯಾಪ್‌ಶಾಟ್ ಇರುವವರೆಗೆ, ಬದಲಾದ ಪ್ರತಿಯೊಂದು ಭಾಗಕ್ಕೂ ಪೂಲಿನಿಂದ ಹೊಸ ಜಾಗ ಬೇಕಾಗುತ್ತದೆ. ರಕ್ಷಣೆಯೆಂದು ಹಿರಿಯರು ನಂಬಿದ್ದ ಆ ಸಾಲೇ ಪೂಲನ್ನು ಬೇಗ ತುಂಬಿಸುತ್ತಿತ್ತು. ಇಡೀ ಘಟನೆಯಲ್ಲಿ ನನಗೆ ಅತ್ಯಂತ ನೋವು ತಂದದ್ದು ಈ ಸಂಗತಿ.

ಪೂಲು ಪೂರ್ತಿ ತುಂಬಿದಾಗ ಲಿನಕ್ಸ್ ಸಾಮಾನ್ಯವಾಗಿ 60 ಸೆಕೆಂಡುಗಳವರೆಗೆ ಬರಹಗಳನ್ನು ಕಾಯಿಸಿ, ಆಮೇಲೆ ದೋಷವೆಂದು ಹಿಂತಿರುಗಿಸುತ್ತದೆ. ಒಳಗಿನ ಯಂತ್ರಕ್ಕೆ ತನ್ನ ಡಿಸ್ಕಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಖಾಲಿ ಇರುವಂತೆ ಕಾಣುತ್ತಿರುತ್ತದೆ, ಆದರೆ ಬರೆಯಹೋದರೆ ಬರೆಯಲಾಗದು. ಆ ರಾತ್ರಿ ಆದದ್ದು ಇದು. ಅದೇ ಸ್ಥಿತಿಯಲ್ಲಿದ್ದಾಗ ವಿದ್ಯುತ್ ಹೋಗಿ ಯಂತ್ರ ಥಟ್ಟನೆ ನಿಂತಿತು. ಯಾವ ತುಣುಕು ಯಾರಿಗೆ ಸೇರಿದ್ದು ಎಂದು ಬರೆದಿಡುವ ಪೂಲಿನ ಮೆಟಾಡೇಟಾ ಅರ್ಧಕ್ಕೆ ಉಳಿಯಿತು.

ಮನೆಯಲ್ಲಿ ಇನ್ವರ್ಟರ್ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಒಳ್ಳೆಯ ಬ್ಯಾಟರಿಯೂ ಇತ್ತು. ಆದರೆ ಮನೆಬಳಕೆಯ ಇನ್ವರ್ಟರುಗಳಲ್ಲಿ ಬಹುತೇಕ ಎರಡು ಸ್ಥಿತಿಗಳಿರುತ್ತವೆ: ಒಂದು ಸಾಮಾನ್ಯ ಸ್ಥಿತಿ, ಇನ್ನೊಂದು ಬೇಗನೆ ಬ್ಯಾಟರಿಗೆ ಬದಲಾಗುವ ಯುಪಿಎಸ್ ಸ್ಥಿತಿ. ಸಾಮಾನ್ಯ ಸ್ಥಿತಿಯಲ್ಲಿ ಅದು ವೋಲ್ಟೇಜಿನ ದೊಡ್ಡ ಏರಿಳಿತವನ್ನು ಸಹಿಸುತ್ತದೆ ಮತ್ತು ಬ್ಯಾಟರಿಗೆ ಬದಲಾಗಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ದೀಪ, ಫ್ಯಾನುಗಳಿಗೆ ಅದು ಗೊತ್ತೂ ಆಗುವುದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು ಮಾತ್ರ; ಅಷ್ಟರೊಳಗೆ ಇನ್ವರ್ಟರ್ ಬ್ಯಾಟರಿಗೆ ಬದಲಾಗದಿದ್ದರೆ ಯಂತ್ರ ನಿಂತುಬಿಡುತ್ತದೆ. ಮಳೆಗಾಲದಲ್ಲಿ ತಂತಿಗಳ ಮೇಲೆ ಮರ, ಕೊಂಬೆ ಬೀಳುವುದು ನಮ್ಮಲ್ಲಿ ಹೊಸದಲ್ಲ; ತೋಟಗಳ ನಡುವೆ ಹಾದುಬರುವ ತಂತಿಗಳಿಗೆ ಅದು ತಪ್ಪಿದ್ದೂ ಅಲ್ಲ. ಹಾಗಾಗಿ ಇಲ್ಲಿ ಯಂತ್ರ ಕಟ್ಟಿಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ವಿದ್ಯುತ್ತಿನದು. ಆತ ಕೇಳಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಲೆಕ್ಕದ ಯಂತ್ರ ಚುರುಕಾಗಿ ಓಡಲಿ ಎಂದು ಡಿಸ್ಕಿನ ಕ್ಯಾಶ್ (ಬರೆಯಬೇಕಾದದ್ದನ್ನು ತಾತ್ಕಾಲಿಕವಾಗಿ ಹಿಡಿದಿಡುವ) ಆಯ್ಕೆಯಲ್ಲಿ ‘ಅನ್‌ಸೇಫ್’ ಎಂದು ಬರೆದಿರುವುದನ್ನೇ ಆರಿಸಿದ್ದ. ಆ ಸ್ಥಿತಿಯಲ್ಲಿ, ಬರೆದದ್ದನ್ನು ಡಿಸ್ಕಿಗೆ ಸೇರಿಸು ಎಂದು ಒಳಗಿನ ತಂತ್ರಾಂಶ ಕೊಡುವ ಆಜ್ಞೆಯನ್ನೇ ಕಡೆಗಣಿಸಲಾಗುತ್ತದೆ. ಉಳಿಸಲಾಗಿದೆ ಎಂದು ಪರದೆಯಲ್ಲಿ ಕಂಡದ್ದು ವಾಸ್ತವದಲ್ಲಿ ಇನ್ನೂ ರ್‍ಯಾಮಿನಲ್ಲೇ ಇರಬಹುದು. ಪ್ರಯೋಗದ ಯಂತ್ರಕ್ಕೆ ಇದು ನಡೆದೀತು. ನಾಲ್ಕಾರು ಕುಟುಂಬಗಳ ಕೂಲಿಯ ಲೆಕ್ಕವಿರುವ ಯಂತ್ರಕ್ಕೆ ಸಲ್ಲದು.

ತಂತ್ರಜ್ಞನಿಗೆ ಕರೆ ಮಾಡಿದೆವು. ‘ಸ್ನ್ಯಾಪ್‌ಶಾಟ್ ಇದೆಯಲ್ಲ, ಹಿಂದಕ್ಕೆ ಹೋಗಿ’ ಎಂದ. ಪೂಲೇ ತೆರೆಯುತ್ತಿಲ್ಲ ಎಂದಾಗ ಆಮೇಲೆ ಮಾತಾಡುತ್ತೇನೆ ಎಂದು ಇಟ್ಟ. ಮತ್ತೆ ಕರೆ ಸ್ವೀಕರಿಸಲಿಲ್ಲ.

ಇಂಥ ಗಳಿಗೆಯಲ್ಲಿ ಕೈ ತಡೆಯುವುದೇ ದೊಡ್ಡ ಕೆಲಸ. ದುರಸ್ತಿಯ ಆಜ್ಞೆ ಗೊತ್ತಿದ್ದರೂ, ಅದನ್ನು ಮೂಲ ಡಿಸ್ಕಿನ ಮೇಲೆ ನೇರವಾಗಿ ಓಡಿಸಬಾರದು ಎಂದು ಮೈಸೂರಿನ ಗೆಳೆಯ ಪಟ್ಟು ಹಿಡಿದ. ಕುಶಾಲನಗರಕ್ಕೆ ಹೋಗಿ ಒಂದು ದೊಡ್ಡ ಹೊರ ಡಿಸ್ಕ್ ತಂದು, ಇಡೀ ಎಸ್‌ಎಸ್‌ಡಿಯನ್ನು ಒಂದೊಂದು ಬಿಟ್ಟೂ ಬಿಡದಂತೆ ಅದಕ್ಕೆ ನಕಲು ಮಾಡಿದ ಮೇಲೆಯೇ, ಆ ನಕಲಿನ ಮೇಲೆ ಮೆಟಾಡೇಟಾ ದುರಸ್ತಿಗೆ ಕೈಹಾಕಿದೆವು. ದುರಸ್ತಿಯಾದ ಪೂಲು ತೆರೆಯಿತು. ಫೋಟೋಗಳು ಬಹುಪಾಲು ಸಿಕ್ಕವು. ವಿಂಡೋಸ್ ಕೂಡ ಎದ್ದಿತು. ಆದರೆ ಲೆಕ್ಕದ ದತ್ತಾಂಶ ಕಡತ ತೆರೆಯಲಿಲ್ಲ. ಮಾರ್ಚ್ ಕೊನೆಯಲ್ಲಿ ವರ್ಷದ ಲೆಕ್ಕ ಮುಗಿಸುವಾಗ ತೆಗೆದಿದ್ದ ಒಂದು ಹಳೆಯ ಪ್ರತಿ ಮಾತ್ರ ತೆರೆಯಿತು.

ಏಪ್ರಿಲ್‌ನಿಂದ ಜುಲೈವರೆಗಿನದು ಹೋಯಿತು ಎಂದರೆ ತೋಟದವರಿಗೆ ಅದರ ಅರ್ಥ ತಿಳಿಯುತ್ತದೆ. ಕಳೆ, ಗೊಬ್ಬರ, ಮರಗಸಿ ಇವುಗಳ ಕೂಲಿ, ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ಲೈನ್ ಮನೆಗಳ ಕುಟುಂಬಗಳು ಪಡೆದ ಮುಂಗಡ, ಅದರಲ್ಲಿ ಯಾರು ಎಷ್ಟು ಮುರಿಸಿದ್ದಾರೆ ಎಂಬುದು ಎಲ್ಲವೂ ಆ ಕಡತದಲ್ಲಿತ್ತು. ತೋಟದ ರೈಟರ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಮೇಸ್ತ್ರಿಯ ಕಿಸೆಯ ಪುಸ್ತಕದಲ್ಲಿದ್ದ ಹಾಜರಿಯ ಗುರುತುಗಳನ್ನು ನೋಡಿಕೊಂಡು, ಲೆಕ್ಕವನ್ನು ಮತ್ತೆ ಬರೆಯಬೇಕಾಯಿತು. ಪುಸ್ತಕದಲ್ಲಿ ಇಲ್ಲದ ಕಡೆ ಕಾರ್ಮಿಕರು ಹೇಳಿದ್ದೇ ಸರಿ ಎಂದು ಗೆಳೆಯನ ತಂದೆ ತೀರ್ಮಾನಿಸಿದರು; ಅದು ಅವರ ದೊಡ್ಡತನ. ಎಲ್ಲ ತೋಟಗಳಲ್ಲೂ ಹೀಗೆಯೇ ಆಗುತ್ತದೆಂದು ಹೇಳಲಾಗದು. ಯಂತ್ರ ಕೆಟ್ಟ ನಷ್ಟ ಯಂತ್ರವನ್ನು ನೋಡಿಯೇ ಇರದವರ ತಲೆಯ ಮೇಲೂ ಬೀಳಬಹುದು ಎಂಬುದನ್ನು ಯಂತ್ರ ಕಟ್ಟುವವರು ಮರೆಯಬಾರದು. ಅಂದಹಾಗೆ, ಅದೇ ಮನೆಯಲ್ಲಿ ಇಂಚು ಮತ್ತು ಸೆಂಟುಗಳಲ್ಲಿ ದಿನವೂ ಬರೆಯುವ ಮಳೆಯ ದಾಖಲೆ ಮಾತ್ರ ಹಳೆಯ ರಿಜಿಸ್ಟರಿನಲ್ಲಿ ಸುರಕ್ಷಿತವಾಗಿತ್ತು. ಅದನ್ನೂ ಕಂಪ್ಯೂಟರಿಗೆ ಏರಿಸಿ ಪುಸ್ತಕ ನಿಲ್ಲಿಸುವ ಯೋಚನೆ ಅವರಿಗಿತ್ತು. ಈಗ ಏರಿಸುತ್ತಾರೆ, ಆದರೆ ಪುಸ್ತಕ ನಿಲ್ಲಿಸುವುದಿಲ್ಲ.

ಪ್ರಯೋಗ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಮನೆಯ ನಿಜವಾದ ಕೆಲಸ ನಡೆಯುವ ಡಿಸ್ಕಿನ ಮೇಲೆ ಪ್ರಯೋಗ ಬೇಡ. ಅದಕ್ಕಾಗಿಯೇ ಬೇರೆ ಒಂದು ಡಿಸ್ಕ್ ಹಾಕಿ, ಸಣ್ಣದಾದರೂ ಸರಿ. ಈಗಲೇ ಥಿನ್ ಪೂಲ್ ಬಳಸುತ್ತಿರುವವರು ಪ್ರಾಕ್ಸ್‌ಮಾಕ್ಸಿನ ಪರದೆಯಲ್ಲಿ ಪೂಲಿನ ದತ್ತಾಂಶ ಮತ್ತು ಮೆಟಾಡೇಟಾ ಎರಡರ ಶೇಕಡಾವಾರನ್ನೂ ನೋಡಿ. 80 ದಾಟಿದ್ದರೆ ಇವತ್ತೇ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ. ಪೂಲು ತಾನಾಗಿಯೇ ಹಿಗ್ಗುವ ವ್ಯವಸ್ಥೆ ಇದೆಯಾದರೂ, ಹಿಗ್ಗಲು ಡಿಸ್ಕಿನಲ್ಲಿ ಬೇರೆ ಖಾಲಿ ಜಾಗವಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಸ್ಥಿತಿಗೆ ತಿರುಗಿಸಿ. ಸಾಧ್ಯವಾದರೆ ಯಂತ್ರಕ್ಕೆಂದೇ ಯುಎಸ್‌ಬಿ ತಂತಿಯಿರುವ ಒಂದು ಸಣ್ಣ ಯುಪಿಎಸ್ ಕೊಂಡು, ಬ್ಯಾಟರಿ ಇಳಿಯುತ್ತಿದ್ದಂತೆ ಎಲ್ಲವನ್ನೂ ಕ್ರಮವಾಗಿ ಮುಚ್ಚುವಂತೆ ಹೊಂದಿಸಿ.

ಬ್ಯಾಕಪ್ ಇನ್ನೊಂದು ಡಿಸ್ಕಿನಲ್ಲಿರಬೇಕು, ಮತ್ತು ಆ ಡಿಸ್ಕ್ ಸದಾ ಯಂತ್ರಕ್ಕೆ ಚುಚ್ಚಿಕೊಂಡಿರಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಎರಡೂ ಒಟ್ಟಿಗೆ ಸುಟ್ಟುಹೋದಾವು. ಇನ್ನೊಂದು ಪ್ರತಿ ಮನೆಯಿಂದ ಹೊರಗೆ, ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಮನೆಯಲ್ಲಿರಲಿ. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಊರುಗಳಲ್ಲಿ ಗುಡ್ಡ ಕುಸಿದು ಮನೆಗಳೇ ಹೋದದ್ದನ್ನು ಕಂಡ ನಮಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲವನ್ನೂ ಇಂಟರ್ನೆಟ್ಟಿಗೆ ಏರಿಸುತ್ತೇನೆ ಎನ್ನುವವರು ಮೊದಲು ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ 100 ಜಿಬಿ ಏರಿಸಲು ಎರಡು ಹಗಲು, ಎರಡು ರಾತ್ರಿಗೂ ಮೀರಿದ ಸಮಯ ಬೇಕು, ಅದೂ ಸಂಪರ್ಕ ಒಮ್ಮೆಯೂ ಕಡಿಯದಿದ್ದರೆ. ಲೆಕ್ಕದ ಕಡತವೊಂದನ್ನು ಮಾತ್ರ ದಿನವೂ ಕಳುಹಿಸುವುದು ಸಾಧ್ಯ. ಫೋಟೋಗಳಿಗೆ ಹೊರ ಡಿಸ್ಕೇ ಸರಿ.

ನಿಮ್ಮ ಮನೆಯ ಯಂತ್ರವನ್ನು ಬೇರೆಯವರು ಕಟ್ಟಿಕೊಡುತ್ತಿದ್ದರೆ, ಹಣ ಕೊಡುವ ಮುನ್ನ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಲೆಕ್ಕದ ತಂತ್ರಾಂಶದಲ್ಲಿ ನಿನ್ನೆಯ ನಮೂದನ್ನು ನಿಮ್ಮ ಕಣ್ಣೆದುರು ತೋರಿಸಲು ಹೇಳಿ. ಸ್ನ್ಯಾಪ್‌ಶಾಟ್‌ಗಳ ಪಟ್ಟಿಯನ್ನು ತೋರಿಸಿದರೆ ಒಪ್ಪಬೇಡಿ, ಹಣವನ್ನು ತಡೆಹಿಡಿಯಿರಿ.