ಸೈಪ್ರಸ್ ಕೋಟೆಗಳು: ಸೇಂಟ್ ಹಿಲೇರಿಯನ್‌ಗೆ 5 ಸ್ಟಾರ್, ಕೊಲೋಸ್ಸಿಗೆ ಮೂರು

ಸೈಪ್ರಸ್‌ಗೆ ಬೀಚು ನೋಡೋಕೆ ಹೋಗೋರು ಕೋಟೆಗಳಿಗೂ ಒಂದೆರಡು ದಿನ ಎತ್ತಿಡಿ, ದುಡ್ಡು ವಸೂಲು. ಆದ್ರೆ ಎಲ್ಲಾ ಕೋಟೆನೂ ಒಂದೇ ತೂಕದ್ದಲ್ಲ.

ಕೊಲೋಸ್ಸಿ ದಕ್ಷಿಣದ ಲಿಮಸಾಲ್ ಊರಿನ ಪಕ್ಕದಲ್ಲೇ ಇರೋದ್ರಿಂದ ಟೂರ್ ಬಸ್ಸೆಲ್ಲ ಅಲ್ಲಿಗೇ. ಇರೋದು ಮೂರು ಅಂತಸ್ತಿನ ಒಂದೇ ಚೌಕದ ಗೋಪುರ, 15ನೇ ಶತಮಾನದ್ದು, ಒಳಗಡೆ ಖಾಲಿ ಖಾಲಿ, ಗೋಡೆ ಮೇಲೊಂದು ಮಾಸಿದ ಚಿತ್ರ ಬಿಟ್ರೆ ಅರ್ಧ ಗಂಟೇಲಿ ಮುಗೀತು. ನಂಗೆ ಹಿಡಿಸಿದ್ದು ಹೊರಗಡೆ ಇರೋ ಸಕ್ಕರೆ ಗಾಣದ ಅವಶೇಷ. ಹಾಸ್ಪಿಟಲರ್ ನೈಟ್‌ಗಳು ಅನ್ನೋ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಗಡದವರು ಇಲ್ಲಿ ಕಬ್ಬು ಬೆಳೆಸಿ ಸಕ್ಕರೆ ಮಾಡ್ತಿದ್ರು, ದ್ರಾಕ್ಷಿನ ಬಿಸಿಲಿಗೆ ಒಣಗಿಸಿ ಮಾಡೋ ಕಮಾಂಡರಿಯಾ ಅನ್ನೋ ಸಿಹಿ ವೈನ್ ಹೆಸರು ಮಾಡಿದ್ದೂ ಇವರ ಕಾಲದಲ್ಲೇ. ಕೋಟೆ ಅನ್ನೋದಕ್ಕಿಂತ ಎಸ್ಟೇಟ್ ಆಫೀಸು ಅನ್ನಿ. ಬಸ್ಸಲ್ಲಿ ಬಂದೋರು ಮುಕ್ಕಾಲು ಪಾಲು ಆ ಗಾಣದ ಕಡೆ ತಿರುಗಿನೂ ನೋಡಲ್ಲ.

ಅಸಲಿ ಮಾಲು ಇರೋದು ಉತ್ತರದಲ್ಲಿ. 1974ರಿಂದ ದ್ವೀಪ ದಕ್ಷಿಣದಲ್ಲಿ ಗ್ರೀಕರು, ಉತ್ತರದಲ್ಲಿ ಟರ್ಕಿಯವರು ಅಂತ ಎರಡು ಭಾಗ ಆಗಿದೆ, ಪಾಸ್‌ಪೋರ್ಟ್ ತೋರಿಸಿ ದಾಟಬೇಕು. ನಮ್ಮ ಬಾಡಿಗೆ ಕಾರಿನವರು ಬುಕಿಂಗ್ ಟೈಮಲ್ಲಿ ತುಟಿ ಬಿಚ್ಚದೆ ಕೀ ಕೊಡುವಾಗ ಮಾತ್ರ ಗಾಡಿ ಉತ್ತರಕ್ಕೆ ಒಯ್ಯಂಗಿಲ್ಲ ಅಂದ್ರು, ಹಾಗಾಗಿ ರಾಜಧಾನಿ ನಿಕೋಸಿಯಾದ ಲೆಡ್ರಾ ಸ್ಟ್ರೀಟಲ್ಲಿ ನಡ್ಕೊಂಡೇ ದಾಟಿ ಆ ಕಡೆ ಟ್ಯಾಕ್ಸಿ ಹಿಡಿದ್ವಿ. ಕಾರು ಬಿಟ್ಟರೂ ಈ ಕಡೆ ಇನ್ಶೂರೆನ್ಸ್ ಅಲ್ಲಿ ನಡೆಯಲ್ಲ, ಗಡಿಯಲ್ಲಿ ಬೇರೆ ತಗೋಬೇಕು. ಆ ಕಡೆ ಟರ್ಕಿಷ್ ಲಿರಾ.

ಸೇಂಟ್ ಹಿಲೇರಿಯನ್ ಸಮುದ್ರ ಮಟ್ಟದಿಂದ 700 ಮೀಟರ್‌ಗೂ ಮೇಲೆ, ಬಂಡೆ ಎಲ್ಲಿ ಮುಗೀತು ಗೋಡೆ ಎಲ್ಲಿ ಶುರು ಆಯ್ತು ಅಂತಾನೇ ಗೊತ್ತಾಗಲ್ಲ. ಮೊದಲು ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದ ಮಠ, ಆಮೇಲೆ ಕೋಟೆ, ಆಮೇಲೆ 1192ರಿಂದ ಸೈಪ್ರಸ್ ಆಳಿದ ಫ್ರೆಂಚ್ ಮೂಲದ ಲುಸಿನ್ಯಾನ್ ವಂಶದ ರಾಜರಿಗೆ ಬೇಸಿಗೆ ಅರಮನೆ. ಕೆಳಗೆ ಸೈನಿಕರು ಮತ್ತು ಕುದುರೆ, ಮಧ್ಯೆ ಚರ್ಚು, ತುದೀಲಿ ರಾಜನ ಮನೆ, ಹೀಗೆ ಮೂರು ಹಂತ. ಮೆಟ್ಟಿಲು ಸವೆದು ನುಣ್ಣಗಾಗಿದೆ, ಕೆಲವು ಕಡೆ ಹಿಡ್ಕೊಳ್ಳೋಕೆ ಕಂಬಿನೂ ಇಲ್ಲ, ಮಂಡಿ ನೋವಿರೋರು ಮಧ್ಯದ ಹಂತಕ್ಕೇ ನಿಲ್ಲಿಸೋದು ವಾಸಿ. ಆದ್ರೆ ಮೇಲೆ ಹತ್ತಿದ್ರೆ ಕ್ವೀನ್ಸ್ ವಿಂಡೋ ಅಂತ ಗೋಥಿಕ್ ಕೆತ್ತನೆಯ ಒಂದು ಕಿಟಕಿ ಇದೆ, ಅದರ ಎರಡೂ ಬದಿ ಕಲ್ಲಿನ ಆಸನ, ಕೂತ್ರೆ ಏಳೋಕೇ ಮನಸ್ಸು ಬರಲ್ಲ. ಇಷ್ಟು ಗಟ್ಟಿ ಕೋಟೆನ ಕೆಡವಿದ್ದು ಶತ್ರುಗಳಲ್ಲ ಮಾರಾಯ್ರೆ, 1489ರಲ್ಲಿ ದ್ವೀಪ ಕೈಗೆ ಬಂದ ಮೇಲೆ ವೆನಿಸ್‌ನವರೇ ಪಹರೆ ಖರ್ಚು ಯಾರು ನೋಡ್ತಾರೆ ಅಂತ ಪಾಳು ಬೀಳಿಸಿದ್ರು! ಸುತ್ತಮುತ್ತ ಮಿಲಿಟರಿ ಏರಿಯಾ, ದಾರೀಲಿ ಫೋಟೋ ತೆಗೀಬೇಡಿ.

ಕೆಳಗಿಳಿದ್ರೆ ಕೈರೇನಿಯಾ ಊರು. ಬಂದರಿನ ಕೋಟೆ, ತೋಪಿನ ಗುಂಡು ತಡೆಯೋಕೆ ವೆನಿಸ್‌ನವರು ಕಟ್ಟಿದ ದಪ್ಪ ದುಂಡು ಬುರುಜುಗಳು ಜೋರಾಗಿವೆ. ಆದ್ರೆ ಟಿಕೆಟ್ ದುಡ್ಡು ವಸೂಲಾಗೋಕೆ ಕೋಟೆ ಒಳಗಿರೋ ಹಡಗಿನ ಮ್ಯೂಸಿಯಂ ಒಂದೇ ಸಾಕು. ಸುಮಾರು 2300 ವರ್ಷದ ಹಿಂದೆ ಮುಳುಗಿದ ಗ್ರೀಕ್ ವ್ಯಾಪಾರಿ ಹಡಗು, 1965ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕಿದ್ದು. ಸುಮಾರು 400 ಮಣ್ಣಿನ ಜಾಡಿ, ಬೀಸೋ ಕಲ್ಲು, ರಾಶಿ ಬಾದಾಮಿ, ಜತೆಗೆ ನಾಲ್ಕೇ ಜನರಿಗೆ ಆಗೋಷ್ಟು ಊಟದ ಪಾತ್ರೆ, ಅಂದ್ರೆ ಇಡೀ ಹಡಗು ನಡೆಸ್ತಿದ್ದೋರು ನಾಲ್ಕು ಜನ ಅಂತ ಲೆಕ್ಕ. ಬಾದಾಮಿ ಸಿಪ್ಪೆ ಇನ್ನೂ ಬಾದಾಮಿ ಥರಾನೇ ಕಾಣುತ್ತೆ.

ಒಂದೇ ದಿನ ಇದ್ರೆ ಕೊಲೋಸ್ಸಿ ಬಿಡಿ, ಉತ್ತರದ ಎರಡು ಮಾಡಿ. ಬೇಸಿಗೇಲಾದ್ರೆ ಬೆಳಿಗ್ಗೆ ಬೇಗ ಹಿಲೇರಿಯನ್, ಬಿಸಿಲು ಏರಿದ ಮೇಲೆ ಕೈರೇನಿಯಾ, ತಿರುಗಾಮುರುಗಾ ಬೇಡ.